ಇಪ್ಪತ್ತೈದರ ಕಟ್ಟಿನಲ್ಲಿ ನೋವೆಷ್ಟು?

ನೋವು ಹತ್ತರಲ್ಲಿ ಎಷ್ಟು ಎಂದು ಕೇಳುವುದು ನನ್ನ ಕೆಲಸದ ಮೊದಲ ಪ್ರಶ್ನೆ. ಸೊನ್ನೆ ಎಂದರೆ ನೋವೇ ಇಲ್ಲ, ಹತ್ತು ಎಂದರೆ ತಾಳಲಾರದ ನೋವು. ನಾನು ಮೆಲ್ಕಾರಿನ ಅಮ್ಮ ಎಂದು ಕರೆಯುವ ರೋಗಿಯ ಮನೆಗೆ ಮೊದಲ ಸಲ ಹೋದ ಶುಕ್ರವಾರ ಇದನ್ನೆಲ್ಲ ಬಿಡಿಸಿ ಹೇಳಿದೆ. ಅವರು ಎಡಮಗ್ಗುಲಾಗಿ ಮಲಗಿದ್ದಲ್ಲಿಂದಲೇ ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿದರು.

“ಹತ್ತರ ಲೆಕ್ಕ ನಮಗೆ ಇಲ್ಲ ಸಿಸ್ಟರ್. ನಮ್ಮದು ಇಪ್ಪತ್ತೈದರ ಕಟ್ಟು.”

ನಲುವತ್ತು ವರ್ಷ ಬೀಡಿ ಕಟ್ಟಿದ ಕೈ ಅದು. ಇಪ್ಪತ್ತೈದು ಬೀಡಿ ಸೇರಿದರೆ ಒಂದು ಕಟ್ಟು. ಸರಿ, ಹಾಗಾದರೆ ಇಪ್ಪತ್ತೈದರಲ್ಲಿ ಎಷ್ಟು ಎಂದು ಕೇಳಿದೆ.

“ಇಪ್ಪತ್ತು ಬರೆಯಿರಿ.”

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿ ಫೈಲಿನಲ್ಲಿ ಎಂಟು ಎಂದು ಬರೆದೆ. ನಾವು ಮಾತನಾಡಿದ್ದೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅವರ ಬಾಯಿಯ ಖಾರ ಸ್ವಲ್ಪ ಕಡಿಮೆಯಾಗಿದೆ, ಓದುವವರು ಸೇರಿಸಿಕೊಳ್ಳಬೇಕು.

ನಾನು ಆಸ್ಪತ್ರೆಯೊಂದರ ಮನೆಭೇಟಿ ತಂಡದ ನರ್ಸ್. ಕಾಯಿಲೆ ವಾಸಿಯಾಗದಿದ್ದರೂ ನೋವನ್ನಾದರೂ ಹಿಡಿತಕ್ಕೆ ತರುವುದು ನಮ್ಮ ತಂಡದ ಕೆಲಸ. ಸೋಮವಾರ ಮೂಡುಬಿದಿರೆ ಕಡೆ, ಬುಧವಾರ ವಾಮದಪದವಿನಿಂದ ಬೆಳ್ತಂಗಡಿ ತನಕ, ಶುಕ್ರವಾರ ಬಂಟ್ವಾಳ, ಮೆಲ್ಕಾರ್. ಜೀಪಿನಲ್ಲಿ ನಾನು, ಡ್ರೈವರಣ್ಣ, ಮತ್ತು ಒಂದು ಮದ್ದಿನ ಪೆಟ್ಟಿಗೆ. ಡಾಕ್ಟರ್ ಹೊಸ ರೋಗಿಗಳಿದ್ದ ದಿನ ಜೊತೆಗೆ ಬರುತ್ತಾರೆ, ಉಳಿದ ದಿನ ಫೋನಿನಲ್ಲಿ ಇರುತ್ತಾರೆ.

ಅಮ್ಮನಿಗೆ ನಾಲ್ಕು ವರ್ಷದ ಹಿಂದೆ ಸ್ತನದ ಕ್ಯಾನ್ಸರ್ ಆಗಿ ಆಪರೇಷನ್ ಆಗಿತ್ತು. ಈಗ ಅದು ಸೊಂಟದ ಬಲಗಡೆಯ ಎಲುಬಿಗೂ ಬೆನ್ನಿನ ಕೆಳಭಾಗಕ್ಕೂ ಬಂದಿತ್ತು. ತಿಂಗಳುಗಟ್ಟಲೆ ಅಂಗಡಿಯಿಂದ ನೋವಿನ ಮಾತ್ರೆ ತರಿಸಿ ತಿಂದು ಹೊಟ್ಟೆ ಉರಿ ಬೇರೆ ಮಾಡಿಕೊಂಡಿದ್ದರು. ಡಾಕ್ಟರ್ ಅದನ್ನು ನಿಲ್ಲಿಸಿ ಮಾರ್ಫಿನ್ ಬರೆದರು. ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ಹೀಗೆ ನಾಲ್ಕು ಗಂಟೆಗೊಮ್ಮೆ ಒಂದೊಂದು. ರಾತ್ರಿ ಹತ್ತಕ್ಕೆ ಎರಡು, ನಡುವೆ ಏಳುವುದು ತಪ್ಪಲಿ ಎಂದು. ಈ ಮಾತ್ರೆಯ ಶಕ್ತಿ ನಾಲ್ಕು ಗಂಟೆಗೆ ಮುಗಿಯುತ್ತದೆ, ಆದ್ದರಿಂದ ನೋವು ಬರಲಿ ಎಂದು ಕಾಯದೆ ಗಂಟೆ ನೋಡಿ ತಿನ್ನಬೇಕು. ಮಲಬದ್ಧತೆ ಖಂಡಿತ ಬರುತ್ತದೆ, ಅದಕ್ಕೆ ರಾತ್ರಿ ಬೇರೆ ಮಾತ್ರೆ.

ಮಾರ್ಫಿನ್ ಎಂದ ಕೂಡಲೇ ಸೊಸೆಯ ಮುಖ ಬಾಡಿತು. ಅವಳು ಹತ್ತಿರದ ಕಾಲೇಜಿನಲ್ಲಿ ಅಟೆಂಡರ್. ಗಂಡ ಲಾರಿ ಡ್ರೈವರ್, ಮನೆಗೆ ಬರುವುದು ವಾರಕ್ಕೊಮ್ಮೆ. “ಅದು ಅಮಲಿನದ್ದಲ್ವಾ ಸಿಸ್ಟರ್? ಅಭ್ಯಾಸ ಆದ್ರೆ ಎಂತ ಮಾಡುದು?” ಎಂದು ಅತ್ತೆಗೆ ಕೇಳದ ಹಾಗೆ ಕೇಳಿದಳು. ಇಂಥ ನೋವಿಗೆ ಅಳತೆ ನೋಡಿ ಕೊಟ್ಟರೆ ಹಾಗಾಗುವುದು ಅಪರೂಪ ಎಂದು ವಿವರಿಸಿದೆ. ಅತ್ತೆಗೆ ಕೇಳಿಯೇ ಇತ್ತು.

“ಅಮಲಾದ್ರೂ ಆಗ್ಲಿ, ನಿದ್ದೆ ಬರ್ಬಾರ್ದು. ನನಗೆ ಉಜಿರೆಗೆ ಹೋಗ್ಲಿಕ್ಕೆ ಉಂಟು,” ಎಂದರು.

ಉಜಿರೆಯ ವಿಷಯ ಹೀಗೆ. ಈ ಮನೆಯ ಜಗಲಿಯಲ್ಲಿ ಐದು ಹೆಂಗಸರು ಮೂವತ್ತು ವರ್ಷ ಒಟ್ಟಿಗೆ ಕೂತು ಬೀಡಿ ಕಟ್ಟಿದ್ದರು. ಅವರಲ್ಲಿ ಒಬ್ಬರು, ಅಮ್ಮನಿಗೆ ಎಲ್ಲರಿಗಿಂತ ಹತ್ತಿರದವರು, ಎರಡು ವರ್ಷದ ಹಿಂದೆ ಮಗನ ಜೊತೆ ಉಜಿರೆಗೆ ಹೋದರು. ಮಗನಿಗೆ ಅಲ್ಲಿ ಹಾಸ್ಟೆಲಿನ ಮಕ್ಕಳಿಗೆ ಊಟ ಹಾಕುವ ಮೆಸ್ ಇದೆ. ಆ ಗೆಳತಿಗೆ ಈಗ ಮಂಡಿಯ ಆಪರೇಷನ್ ಆಗಿ ಬಸ್ ಹತ್ತಲು ಆಗುವುದಿಲ್ಲ. ಇವರಿಗೆ ಸೊಂಟ. ಇಬ್ಬರೂ ಫೋನಿನಲ್ಲಿ ದಿನವೂ ಜಗಳ ಆಡುತ್ತಿದ್ದರಂತೆ, ಮೊದಲು ಯಾರು ಬರಬೇಕು ಎಂದು.

“ನಮ್ಮ ಜೀಪಿನಲ್ಲಿ ಬಿಟ್ಟು ಬರುವ, ಅದಕ್ಕೆಂತ,” ಎಂದ ಡ್ರೈವರಣ್ಣ ಬಾಗಿಲಿನಿಂದ.

“ನಿಮ್ಮ ಜೀಪಿನಲ್ಲಿ ಹೋದ್ರೆ ಊರಿನವರು ಹೆಣ ಹೋಯ್ತು ಅಂತಾರೆ. ಹೆಂಗಸರಿಗೆ ಸರಕಾರಿ ಬಸ್ ಫ್ರೀ ಆದ ಮೇಲೆ ಇಡೀ ಊರು ತಿರುಗಿ ಬಂದಾಯ್ತು. ನಾನೊಬ್ಬಳು ಮಂಚದಲ್ಲಿ. ನಾವು ನಾಲ್ಕು ಜನ ಬಸ್ಸಿನಲ್ಲಿ ಹೋಗುದು, ಕಿಟಕಿಯ ಹತ್ರ ನಾನು. ಎಚ್ಚರ ಇರ್ಬೇಕು. ನಿದ್ದೆ ಮಾಡಿಕೊಂಡು ಹೋಗ್ಲಿಕ್ಕೆ ನಾನೆಂತ ಅಕ್ಕಿ ಗೋಣಿಯಾ?”

ಕಾಯಿಲೆ ಮುಂದೆ ಹೋಗುತ್ತದೆ ಎಂಬುದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಡಾಕ್ಟರ್ ಕಾಲ ಮಿತಿ ಏನೂ ಹೇಳಲಿಲ್ಲ. ಜೀಪಿನಲ್ಲಿ ಕೂತ ಮೇಲೆ ಮಾತ್ರ, “ಆ ಉಜಿರೆ ಕೆಲಸ ಬೇಗ ಮಾಡಿಸುವ,” ಎಂದರು.

ಒಂದು ವಾರ ಕಳೆದು ಹೋದೆ. ನೋವು ಇಪ್ಪತ್ತು. ಡಾಕ್ಟರ್ ಪ್ರಮಾಣ ಹೆಚ್ಚಿಸಿದರು, ಒಂದರ ಬದಲು ಒಂದೂವರೆ, ರಾತ್ರಿ ಮೂರು. ಮತ್ತೊಂದು ವಾರ ಕಳೆಯಿತು. ನೋವು ಹತ್ತೊಂಬತ್ತು, ಅದೂ ನನ್ನ ಮುಖ ನೋಡಿ ಪಾಪ ಎನಿಸಿ ಒಂದು ಕಡಿಮೆ ಮಾಡಿದ್ದು. ಡಾಕ್ಟರ್ ಎರಡೆರಡು ಮಾಡಿದರು, ರಾತ್ರಿ ನಾಲ್ಕು. ಮೂರನೆಯ ವಾರ ಕಳೆದು ಹೋದಾಗಲೂ ಹತ್ತೊಂಬತ್ತೇ, ಇನ್ನೊಂದು ವಾರ ಇದೇ ಇರಲಿ ಎಂದರು.

ನನಗೆ ಒಂದು ಜಂಬ ಇತ್ತು, ಇಲ್ಲಿ ಒಪ್ಪಿಕೊಳ್ಳುತ್ತೇನೆ. ಮಾರ್ಫಿನ್ ಎಂದರೆ ಒಂದೊಂದು ಮಾತ್ರೆಗೂ ರಿಜಿಸ್ಟರ್ ಇರುವ ಮದ್ದು. ಒಂದು ವಾರಕ್ಕಿಂತ ಹೆಚ್ಚು ನಾನು ಕೊಡುವುದಿಲ್ಲ, ಹಳೆಯ ವಾರದ ಮಾತ್ರೆಗಳ ಖಾಲಿ ಪಟ್ಟಿಗಳನ್ನು ಎಣಿಸಿ ತೆಗೆದುಕೊಳ್ಳದೆ ಹೊಸದು ಕೈಗೆ ಇಡುವುದಿಲ್ಲ. ಮೆಲ್ಕಾರಿನ ಅಮ್ಮ ಈ ವಿಷಯದಲ್ಲಿ ನನ್ನ ಅತ್ಯುತ್ತಮ ರೋಗಿ. ಖಾಲಿ ಪಟ್ಟಿಗಳನ್ನು ಸುತ್ತಿ ದಾರ ಕಟ್ಟಿ ಇಟ್ಟಿರುತ್ತಿದ್ದರು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಬೇರೆ ಮನೆಗಳಲ್ಲಿ ಅವರ ಉದಾಹರಣೆ ಕೊಟ್ಟು ಭಾಷಣ ಮಾಡಿದ್ದೂ ಉಂಟು.

ಹೊಟ್ಟೆ ಸರಿ ಹೋಗುತ್ತದಾ ಎಂದರೆ “ಫಸ್ಟ್ ಕ್ಲಾಸ್” ಎನ್ನುತ್ತಿದ್ದರು. ತೂಕಡಿಕೆ ಇಲ್ಲ. ಕಣ್ಣಿಗೆ ಟಾರ್ಚ್ ಹಾಕಿದರೆ ಪಾಪೆ ಎಲ್ಲರ ಹಾಗೆಯೇ ಇತ್ತು. ಇಷ್ಟು ಮಾರ್ಫಿನ್ ತಿನ್ನುವವರಲ್ಲಿ ಮಲಬದ್ಧತೆ, ತೂಕಡಿಕೆ, ಕಿರಿದಾದ ಪಾಪೆ ಈ ಮೂರೂ ಇಲ್ಲವೆಂದರೆ ನನಗೆ ಸಂಶಯ ಬರಬೇಕಿತ್ತು. ನಾನು ಪುಣ್ಯವಂತರ ದೇಹ ಎಂದುಕೊಂಡು ಬಂದೆ.

ನಾಲ್ಕನೆಯ ವಾರದ ಬುಧವಾರ ಬೆಳಿಗ್ಗೆ ಹನ್ನೊಂದೂವರೆಗೆ ನಾವು ವಾಮದಪದವಿನಲ್ಲಿದ್ದಾಗ ಸೊಸೆಯ ಫೋನ್ ಬಂತು. ಹಿಂದಿನ ದಿನದಿಂದ ಅವಳಿಗೆ ಒಂದು ವಾರ ರಜೆ ಸಿಕ್ಕಿತ್ತು. ಮಂಗಳವಾರ ಮಧ್ಯಾಹ್ನದ ತನಕ ಅತ್ತೆಯೇ ಮಾತ್ರೆ ನೋಡಿಕೊಳ್ಳುತ್ತಿದ್ದರು, ಅಂದು ಸಂಜೆಯಿಂದ ತಾನೇ ಕೊಡುತ್ತಿದ್ದೇನೆ ಎಂದಳು.

“ಅತ್ತೆ ಕರೆದ್ರೆ ಊಂ ಅಂತಾರೆ, ಮತ್ತೆ ನಿದ್ದೆ. ಉಸಿರು ಒಂದು ತರ ನಿಧಾನ ಉಂಟು ಸಿಸ್ಟರ್.”

ಇನ್ನು ಒಂದು ಮಾತ್ರೆಯೂ ಬಾಯಿಗೆ ಹಾಕಬೇಡ, ಮಗ್ಗುಲಾಗಿ ಮಲಗಿಸು, ಹೆಗಲು ಅಲುಗಾಡಿಸಿ ಕರೆಯುತ್ತಾ ಇರು, ಗಡಿಯಾರ ನೋಡಿ ಒಂದು ನಿಮಿಷದ ಉಸಿರು ಎಣಿಸು ಎಂದೆ. ಅವಳು ಎಣಿಸಿದಳು. ಒಂಬತ್ತು. ಇನ್ನೊಂದು ಫೋನಿನಲ್ಲಿ ಡಾಕ್ಟರ್ ಆಗಲೇ ಬಿ.ಸಿ. ರೋಡಿನಿಂದ ಆಂಬುಲೆನ್ಸ್ ಕಳಿಸುವ ವ್ಯವಸ್ಥೆ ಮಾಡುತ್ತಿದ್ದರು. ಡ್ರೈವರಣ್ಣ ಹಾರ್ನಿನಿಂದ ಕೈ ತೆಗೆಯದೆ ಜೀಪು ಓಡಿಸಿದ.

ನಾವು ತಲುಪುವಾಗ ಆಂಬುಲೆನ್ಸ್ ಓಣಿಯಲ್ಲಿ ನಿಂತಿತ್ತು, ಅದರವರು ಆಮ್ಲಜನಕ ಹಾಕಿದ್ದರು. ಅಮ್ಮನ ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು. ಕಿವಿಯ ಹತ್ತಿರ ಜೋರಾಗಿ ಕರೆದರೆ ಕಣ್ಣು ಬಿಡುತ್ತಿದ್ದರು. ಮಾರ್ಫಿನ್ನಿನ ಕೆಲಸವನ್ನು ತಡೆಯುವ ಚುಚ್ಚುಮದ್ದು ನಮ್ಮ ಪೆಟ್ಟಿಗೆಯಲ್ಲಿ ಯಾವಾಗಲೂ ಇರುತ್ತದೆ. ಸಲೈನ್ ನೀರು ಸೇರಿಸಿ ತೆಳು ಮಾಡಿ ಸಿರಿಂಜಿನಲ್ಲಿ ತುಂಬಿ ಇಟ್ಟುಕೊಂಡೆ. ಉಸಿರು ಎಂಟಕ್ಕಿಂತ ಇಳಿದರೆ ಅಥವಾ ಕರೆದರೂ ಎಚ್ಚರವಾಗದಿದ್ದರೆ ಸ್ವಲ್ಪ ಸ್ವಲ್ಪವೇ ಕೊಡಿ, ಒಟ್ಟಿಗೆ ಕೊಟ್ಟರೆ ಇಡೀ ನೋವು ಒಂದೇ ಏಟಿಗೆ ಮರಳಿ ಬರುತ್ತದೆ ಎಂದು ಡಾಕ್ಟರ್ ಫೋನಿನಲ್ಲಿ ಎಚ್ಚರಿಸಿದರು. ಅಲ್ಲಿಯ ತನಕ ಕರೆಯುತ್ತಾ, ಎಣಿಸುತ್ತಾ ಕೂರುವುದು.

ಕೂತೆ. ಒಂಬತ್ತು, ಒಂಬತ್ತು, ಹತ್ತು. ಸೊಸೆ ಮೂಲೆಯಲ್ಲಿ ಅಳುತ್ತಿದ್ದಳು. “ಬರೆದದ್ದನ್ನು ನೋಡಿಯೇ ಕೊಟ್ಟದ್ದು ಸಿಸ್ಟರ್, ದೇವರಾಣೆ.” ಕಾರ್ಡ್ ತೆಗೆದು ನೋಡಿದೆ. ಅವಳು ಕೊಟ್ಟದ್ದು ಅಕ್ಷರಶಃ ಸರಿ. ಸಂಜೆ ಎರಡು, ರಾತ್ರಿ ನಾಲ್ಕು, ಬೆಳಿಗ್ಗೆ ಎರಡು, ಹತ್ತು ಗಂಟೆಗೆ ಎರಡು. ಹನ್ನೆರಡು ದಿನದಿಂದ ಇದೇ ಪ್ರಮಾಣ ತಾನೇ? ಕಿಡ್ನಿ ಕೈಕೊಟ್ಟಿತೋ ಎಂದು ರಕ್ತ ತೆಗೆದು ಬಿ.ಸಿ. ರೋಡಿನ ಲ್ಯಾಬಿಗೆ ಕಳಿಸಿದೆವು. ಎರಡೂವರೆಗೆ ಫಲಿತಾಂಶ ಬಂತು, ಕಿಡ್ನಿಗೆ ಏನೂ ಆಗಿಲ್ಲ. ಉಸಿರು ಹನ್ನೆರಡಕ್ಕೆ ಏರಿತು. ನಾನು ಮತ್ತೆ ಕಿವಿಯ ಹತ್ತಿರ ಕೂಗಿದೆ.

“ಯಾರದು ಬೊಬ್ಬೆ ಹಾಕುದು? ನನಗೇನು ಕಿವಿ ಕೇಳುದಿಲ್ವಾ?” ಎಂದರು ಅಮ್ಮ, ಕಣ್ಣು ಮುಚ್ಚಿಕೊಂಡೇ. ಬೈಗುಳ ಕೇಳಿ ನನಗೆ ಅಷ್ಟು ಖುಷಿಯಾದದ್ದು ಬೇರೆ ಯಾವಾಗಲೂ ಇಲ್ಲ.

ಸಂಜೆಗೆ ಪೂರ್ತಿ ಎಚ್ಚರವಾದರು, ಆಂಬುಲೆನ್ಸನ್ನು ಕಳಿಸಿದೆವು. ಆಮೇಲೆ ನಾನು ಮಂಚದ ಬದಿಯಲ್ಲಿ ಕೂತು ಕೇಳಿದೆ. “ಅಮ್ಮ, ಮೊನ್ನೆಯ ತನಕ ದಿನಕ್ಕೆ ಎಷ್ಟು ಮಾತ್ರೆ ತಿಂತಾ ಇದ್ರಿ? ನಿಜ ಹೇಳಿ.”

ಗೋಡೆಯ ಕಡೆ ಮುಖ ಮಾಡಿದರು. ಅತ್ತಲಿಂದಲೇ ಸೊಸೆಗೆ, “ಬೀಡಿ ಕಟ್ಟುವ ಗೆರಸೆಯ ಹಿಂದೆ ಬಿಸ್ಕೆಟ್ ಡಬ್ಬಿ ಉಂಟು, ತಾ,” ಎಂದರು.

ಡಬ್ಬಿಯೊಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬೀಡಿಯ ದಾರದಿಂದ ಕಟ್ಟಿದ ಪೊಟ್ಟಣಗಳು. ಬಿಚ್ಚಿ ಎಣಿಸಿದೆ. ಒಂದೊಂದರಲ್ಲಿ ಇಪ್ಪತ್ತೈದು. ಐದು ಕಟ್ಟು, ಮೇಲೆ ಬಿಡಿ ಒಂದು. ನೂರ ಇಪ್ಪತ್ತಾರು ಮಾರ್ಫಿನ್ ಮಾತ್ರೆ.

ನಾವು ಎಷ್ಟು ಹೆಚ್ಚಿಸಿದರೂ ಅವರು ತಿಂದದ್ದು ದಿನಕ್ಕೆ ಮೂರೇ, ಬೆಳಿಗ್ಗೆ ಒಂದು, ರಾತ್ರಿ ಎರಡು. ಉಳಿದವನ್ನು ನಾನು ಬರುವ ಹಿಂದಿನ ರಾತ್ರಿ ಪಟ್ಟಿಯಿಂದ ಒಡೆದು ಡಬ್ಬಿಗೆ ಹಾಕಿ, ಖಾಲಿ ಪಟ್ಟಿಗಳನ್ನು ಸುತ್ತಿ ನನಗೆ ಒಪ್ಪಿಸುತ್ತಿದ್ದರು. ಸೊಸೆ ಮೊದಲ ಸಲ ಬರೆದಷ್ಟನ್ನು ಪೂರ್ತಿ ಕೊಟ್ಟಿದ್ದಳು. ಮೂರಕ್ಕೆ ಒಗ್ಗಿದ್ದ ದೇಹಕ್ಕೆ ಒಂದು ದಿನವೂ ತುಂಬುವ ಮೊದಲು ಹತ್ತು ಬಿದ್ದಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಜೀವ ಹೋಗುತ್ತಿತ್ತು, ಗೊತ್ತುಂಟಾ, ಈ ಪಾಪದ ಹುಡುಗಿಯ ತಲೆಗೆ ಬರುತ್ತಿತ್ತು, ಎಂದೆಲ್ಲ. ಅಮ್ಮ ಎಲ್ಲ ಕೇಳಿಸಿಕೊಂಡರು.

“ಸಿಸ್ಟರ್, ಕಟ್ಟಿದ ಬೀಡಿ ಕೊಡ್ಲಿಕ್ಕೆ ಬ್ರಾಂಚಿಗೆ ಯಾರಾದ್ರೂ ಸರೀ ಲೆಕ್ಕ ಮಾಡಿ ತಕ್ಕೊಂಡು ಹೋಗ್ತಾರಾ? ಚೆಕಿಂಗಿನವ ನಾಲ್ಕು ಮುರಿದು ಬಿಸಾಡಿದ್ರೆ ತುಂಬಿಸ್ಲಿಕ್ಕೆ ಎಲ್ಲಿಂದ ತರುದು? ಮೇಲೆ ಒಂದು ಕಟ್ಟು ಇಟ್ಟುಕೊಳ್ಳದೆ ನಾನು ಒಂದು ದಿನ ಮನೆಯಿಂದ ಹೊರಟವಳಲ್ಲ. ನಾಳೆ ನಿಮ್ಮ ಜೀಪು ಬರದಿದ್ರೆ? ಮದ್ದು ಇಲ್ಲ ಅಂತಾದ್ರೆ? ಮತ್ತೆ, ಉಜಿರೆಗೆ ಹೋಗುವ ದಿನ ಬೆಳಿಗ್ಗೆ ಒಟ್ಟಿಗೆ ಒಂದು ಹತ್ತು ತಿಂದು ಬಸ್ ಹತ್ತುದು ಅಂತ ಇದ್ದೆ. ಇಡೀ ದಿನ ನೋವು ಇರ್ಲಿಕ್ಕಿಲ್ಲ ಅಂತ.”

ಬಸ್ಸು ಪುಂಜಾಲಕಟ್ಟೆ ದಾಟುವ ಮೊದಲು ಆ ಕಿಟಕಿಯ ಸೀಟಿನಲ್ಲಿ ಏನಾಗುತ್ತಿತ್ತು ಎಂಬುದು ಕಣ್ಣಿಗೆ ಕಟ್ಟಿತು.

ಜೀಪಿನಲ್ಲಿ ವಾಪಸು ಬರುವಾಗ ಸಿಟ್ಟು ಇಳಿದು ನಾಚಿಕೆ ಹತ್ತಿತು. ನನ್ನ ಅಮ್ಮನೂ ಬೀಡಿ ಕಟ್ಟಿದವಳೇ. ನನ್ನ ನರ್ಸಿಂಗ್ ಓದು ಅದೇ ಬೀಡಿಯಲ್ಲಿ ನಡೆದದ್ದು. ಬ್ರಾಂಚಿಗೆ ಹೊರಡುವಾಗ ಅವಳು ಚೀಲದ ಬದಿಗೆ ಮೇಲಿನ ಕಟ್ಟು ತುರುಕುವುದನ್ನು ಸಣ್ಣವಳಿರುವಾಗ ದಿನಾ ನೋಡಿದ್ದೇನೆ. ಎಣಿಸುವುದನ್ನು ನನಗೆ ಕಲಿಸಿದ್ದೇ ಅವಳು. ಅಂಥವಳ ಮಗಳು ನಾನು ಮೂರು ವಾರ ಖಾಲಿ ಪಟ್ಟಿ ಎಣಿಸಿ ಬೀಗಿದೆ, ಹೊಟ್ಟೆಗೆ ಹೋದದ್ದು ಎಷ್ಟೆಂದು ಒಂದು ದಿನ ಎದುರು ಕೂತು ನೋಡಲಿಲ್ಲ.

ಮರುದಿನ ಆಸ್ಪತ್ರೆಯಲ್ಲಿ ಆ ನೂರ ಇಪ್ಪತ್ತಾರನ್ನೂ ರಿಜಿಸ್ಟರಿಗೆ ಹಿಂದಕ್ಕೆ ಬರೆದೆವು. ನಾಶ ಮಾಡಲು ಡಾಕ್ಟರ್ ಮತ್ತು ಫಾರ್ಮಸಿಯವರು ಸಹಿ ಹಾಕಿದರು. ಎಲ್ಲಿ ತಪ್ಪಿತು ಎಂಬ ಜಾಗದಲ್ಲಿ ನನ್ನ ತಪ್ಪನ್ನು ನನ್ನ ಕೈಯಲ್ಲೇ ಬರೆದೆ. ಇನ್ನು ಮುಂದೆ ಎಂತ ಮಾಡುವುದು ಎಂದು ಡಾಕ್ಟರ್ ಕೇಳಿದರು. ಎಲ್ಲ ಮಾತ್ರೆಯನ್ನೂ ಸೊಸೆಯ ಕೈಯಲ್ಲಿ ಬೀಗ ಹಾಕಿಸಿ ಇಡುವುದು, ಒಂದೊಂದನ್ನೂ ಅವಳೇ ಬಾಯಿಗೆ ಹಾಕುವುದು, ಆಗದಿದ್ದರೆ ಕರೆತಂದು ಎರಡು ವಾರ ಅಡ್ಮಿಟ್ ಮಾಡುವುದು. ನನ್ನ ಬಾಯಿಗೆ ಬಂದದ್ದು ಅದೇ.

ಹೇಳಿದ ಮೇಲೆ ನನಗೇ ಸರಿ ಕಾಣಲಿಲ್ಲ. ಬೀಗ ಹಾಕಿದರೆ ಅಮ್ಮ ನಾಲಿಗೆಯ ಅಡಿಯಲ್ಲಿ ಉಳಿಸಿಕೊಂಡಾರು. ನಲುವತ್ತು ವರ್ಷದ ಅಭ್ಯಾಸ ಬೀಗಕ್ಕೆ ಹೆದರುವುದಿಲ್ಲ. “ಅವರಿಗೆ ಮೇಲಿನ ಕಟ್ಟು ಬೇಕು ಡಾಕ್ಟ್ರೇ. ನಾವೇ ಕೊಡುವ,” ಎಂದೆ.

ಡಾಕ್ಟರ್ ನಕ್ಕರು. “ಅದು ಕಾರ್ಡಿನಲ್ಲೇ ಉಂಟಲ್ಲ ಸಿಸ್ಟರ್, ಕೊನೇ ಸಾಲು ನೋಡಿ.”

ಉಂಟು. ನಡುವೆ ನೋವು ಒಮ್ಮೆಗೇ ಏರಿದರೆ ತೆಗೆದುಕೊಳ್ಳಬೇಕಾದ ಹೆಚ್ಚುವರಿ ಮಾತ್ರೆ, ಪ್ರತಿ ಮಾರ್ಫಿನ್ ಕಾರ್ಡಿನ ಕೆಳಗೂ ಇರುತ್ತದೆ. ಮೊದಲ ದಿನ ಉಜಿರೆಯ ಮಾತಿನಲ್ಲಿ ಅದನ್ನು ನಾನು ವಿವರಿಸಿಯೇ ಇರಲಿಲ್ಲ. ಮಲಗಿದಲ್ಲಿಂದ ಅವರಿಗೆ ಓದಲೂ ಆಗುತ್ತಿರಲಿಲ್ಲ.

ಅಮ್ಮನ ನೋವು ಪೂರ್ತಿ ಹಿಂದೆ ಬಂದಿತ್ತು. ಎಲ್ಲವನ್ನೂ ಮೊದಲಿನಿಂದ ಶುರು ಮಾಡಿದೆವು. ಎರಡಲ್ಲ, ಒಂದೂವರೆಯೂ ಅಲ್ಲ, ಮೊದಲು ಬರೆದ ಒಂದೇ ಒಂದು, ನಾಲ್ಕು ಗಂಟೆಗೊಮ್ಮೆ. ನಿಜವಾಗಿ ಯಾರೂ ಇನ್ನೂ ಪರೀಕ್ಷಿಸದೇ ಇದ್ದ ಪ್ರಮಾಣ ಅದು. ಮುಖ್ಯ ಮಾತ್ರೆಗಳು ಕಪಾಟಿನಲ್ಲಿ, ಬೀಗದ ಕೈ ಸೊಸೆಯ ಹತ್ತಿರ. ಅದಲ್ಲದೆ ನಾಲ್ಕು ಮಾತ್ರೆ ಬೇರೆಯಾಗಿ ಅಮ್ಮನ ಕೈಗೇ ಕೊಟ್ಟೆ. ಅವರೇ ಪೊಟ್ಟಣ ಮಾಡಿ ದಾರ ಕಟ್ಟಿದರು.

“ಇದು ನಿಮ್ಮ ಮೇಲಿನ ಕಟ್ಟು. ನಡುವೆ ನೋವು ಬಂದ್ರೆ ಇದರಿಂದ ಒಂದು. ಒಂದೇ. ಕಡಿಮೆ ಆಗದಿದ್ರೆ ಒಂದು ಗಂಟೆ ಕಳೆದು ಇನ್ನೊಂದು, ಆಗ ನನಗೆ ಫೋನ್ ಮಾಡ್ಬೇಕು. ತಿಂದಾಗಲೆಲ್ಲ ಕ್ಯಾಲೆಂಡರಿನಲ್ಲಿ ಒಂದು ಗೀಟು. ಖಾಲಿಯಾದ್ರೆ ನಾನು ತುಂಬಿಸ್ತೇನೆ.”

“ತುಂಬಿಸ್ತೀರಾ? ನಿಜವಾಗಿ?”

“ಮದ್ದು ತೀರಿತು ಅಂತ ನಿಮ್ಮನ್ನು ನೋವಿನಲ್ಲಿ ಬಿಡುದಿಲ್ಲ. ನನ್ನ ಜೀಪು ಬರದಿದ್ರೆ ಡ್ರೈವರಣ್ಣನನ್ನು ಸೈಕಲಿನಲ್ಲಿ ಕಳಿಸ್ತೇನೆ.”

“ನನ್ನನ್ನಾ?” ಎಂದ ಡ್ರೈವರಣ್ಣ. ಅವನಿಗೆ ಆ ಓಣಿಯ ನಾಯಿಗಳೆಂದರೆ ಆಗುವುದಿಲ್ಲ.

ಮಾರ್ಫಿನ್ ಒಂದರಿಂದಲೇ ಎಲುಬಿನ ನೋವು ಪೂರ್ತಿ ಇಳಿಯುವುದಿಲ್ಲ. ಜೊತೆಗೆ ಜ್ವರಕ್ಕೆ ಕೊಡುವ ಸಾದಾ ಪ್ಯಾರಾಸಿಟಮಾಲನ್ನೇ ಸಮಯಕ್ಕೆ ಸರಿಯಾಗಿ ಕೊಟ್ಟೆವು. ಕಾಲಿಗೆ ಕರೆಂಟ್ ಹೊಡೆದ ಹಾಗೆ ಇಳಿಯುವ ನೋವಿಗೆ ಮಲಗುವ ಮೊದಲು ಒಂದು ಸಣ್ಣ ಮಾತ್ರೆ. ಮಂಡಿಗಳ ನಡುವೆ ದಿಂಬು, ಬೆನ್ನಿಗೆ ಬಿಸಿನೀರಿನ ಚೀಲ. ಫಿಸಿಯೋಥೆರಪಿಯವರು ಬಂದು ಸೊಂಟ ತಿರುಗಿಸದೆ ಏಳುವುದು ಹೇಗೆಂದು ಕಲಿಸಿದರು, ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂರಬಾರದೆಂದು ಕಟ್ಟಪ್ಪಣೆ ಮಾಡಿದರು. ಜಗಲಿಗೆ ಕುರ್ಚಿ ಬಂತು, ಗೆರಸೆಗೆ ಸ್ಟೂಲು ಬಂತು.

“ಕುರ್ಚಿಯಲ್ಲಿ ಕೂತು ಬೀಡಿ ಕಟ್ಟುದಾ? ಇದೇನು ತಾಲೂಕು ಆಫೀಸಾ?” ಎಂದು ಗೊಣಗಿದರೂ ಕೂತರು. ಉಳಿದ ಮೂವರು ಗೆಳತಿಯರು ಮಧ್ಯಾಹ್ನ ಬಂದರು. ಅವರಲ್ಲಿ ಒಬ್ಬರು ನನ್ನ ಪೆಟ್ಟಿಗೆ ನೋಡಿ, “ನನ್ನ ಬೆನ್ನಿಗೂ ಇವಳದ್ದೇ ಒಂದು ಮಾತ್ರೆ ಕೊಡಿ ಸಿಸ್ಟರ್,” ಎಂದರು. ಇವರ ಅಳತೆಯ ಮಾತ್ರೆ ನಿಮಗೆ ವಿಷ ಎಂದು ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಪೊಟ್ಟಣವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. “ಆಗ್ಲಿಕ್ಕಿಲ್ಲ ಮಾರಾಯ್ತಿ. ನನ್ನನ್ನು ಯಮನ ಬಾಗಿಲಿನಿಂದ ಎಳೆದು ತಂದದ್ದು ನೋಡ್ಲಿಲ್ವಾ ನೀನು? ಇದಕ್ಕೆ ಹೆಸರು ಬರೆದುಂಟು, ನನ್ನದು ಮಾತ್ರ.” ಆ ಗೆಳತಿಯ ಬೆನ್ನಿಗೆ ಬೇಕಾದ್ದು ನಡುವೆ ನಡುವೆ ಎದ್ದು ನಡೆಯುವುದು ಎಂದು ಫಿಸಿಯೋಥೆರಪಿಯವರು ಅಲ್ಲೇ ತೋರಿಸಿಕೊಟ್ಟರು.

ಅವತ್ತು ಜಗಲಿಗೆ ಬರುವ ಮೊದಲು ನೋವು ಹದಿನಾಲ್ಕು ಇತ್ತು. ಎರಡು ಗಂಟೆ ಊರಿನವರ ವಿಷಯ ಮಾತನಾಡಿ ನಕ್ಕ ಮೇಲೆ ಕೇಳಿದರೆ ಹತ್ತು. ಬೇರೆ ಮದ್ದು ಕೊಟ್ಟಿರಲಿಲ್ಲ. ಫೈಲಿನಲ್ಲಿ ‘ಜಗಲಿ, ದಿನಕ್ಕೆ ಒಂದು ಸಲ’ ಎಂದು ಬರೆದೆ. ಡಾಕ್ಟರ್ ಅದರ ಕೆಳಗೆ ಸಹಿ ಹಾಕಿದ್ದಾರೆ.

ನೋವು ಹತ್ತರಿಂದ ಕೆಳಗೆ ಇಳಿಯಲು ಮಾತ್ರ ಒಪ್ಪಲಿಲ್ಲ. ಕೂತರೆ ಪರವಾಗಿಲ್ಲ, ಕಾಲು ಊರಿದರೆ ನೋವು. ಮಂಗಳೂರಿನಲ್ಲಿ ಎಕ್ಸರೇ ತೆಗೆದು ನೋಡಿದರು. ಎಲುಬು ಮುರಿಯುವ ಸ್ಥಿತಿಯಲ್ಲಿಲ್ಲ, ಒಂದೇ ಸಲದ ರೇಡಿಯೇಷನ್ ಕೊಟ್ಟರೆ ಸೊಂಟದ ನೋವು ಇಳಿಯಬಹುದು ಎಂದರು. ಕೊಡಿಸಿದೆವು. ಎರಡು ದಿನ ನೋವು ಇಳಿಯುವ ಬದಲು ಏರಿತು. ಹಾಗೆ ಆಗುವುದುಂಟು ಎಂದು ಮೊದಲೇ ಹೇಳಿದ್ದೆ, ಆದರೂ ಅಮ್ಮ ಕಂಗೆಟ್ಟರು. “ಉಜಿರೆ ಆಸೆ ಬಿಡ್ತೇನೆ ಸಿಸ್ಟರ್. ಅವಳಿಗೆ ಹೇಳಿಬಿಡಿ,” ಎಂದರು ಫೋನಿನಲ್ಲಿ. ಅಳುತ್ತಿದ್ದರು. ಅವರು ಅಳುವುದನ್ನು ನಾನು ಕೇಳಿದ್ದು ಅದೊಂದೇ ಸಲ, ನನಗೂ ದುಃಖ ತಡೆಯಲಿಲ್ಲ.

ಮರುದಿನವೇ ಹೋದೆ. ಕ್ಯಾಲೆಂಡರಿನಲ್ಲಿ ಮೊದಲ ದಿನಕ್ಕೆ ಮೂರು ಗೀಟು, ಎರಡನೆಯ ದಿನಕ್ಕೆ ಎರಡು. ಪೊಟ್ಟಣ ಬಿಚ್ಚಿದರೆ ನಾನು ನಡುವೆ ತುಂಬಿಸಿದ್ದೂ ಸೇರಿ ಲೆಕ್ಕ ತಾಳೆಯಾಯಿತು. ಬಾಯಿಯನ್ನೂ ಕಣ್ಣಿನ ಪಾಪೆಯನ್ನೂ ನೋಡಿದೆ, ಹೊಟ್ಟೆ ಹೇಗುಂಟು ಎಂದು ಕೇಳಿದೆ. “ಕಲ್ಲಾಗಿ ಉಂಟು,” ಎಂದು ಬೈದರು. ನನಗೆ ಸಮಾಧಾನವಾಯಿತು, ಮಾತ್ರೆ ನಿಜವಾಗಿ ಒಳಗೆ ಹೋಗುತ್ತಿತ್ತು. ಹೊಟ್ಟೆಯ ಮಾತ್ರೆಯನ್ನು ಒಂದು ಹೆಚ್ಚಿಸಿದೆವು. ಸೊಂಟದ ನೋವು ಆ ವಾರದ ಕೊನೆಗೆ ಎಂಟಾಯಿತು. ಮತ್ತಿನ ವಾರ ಆರು. ಒಂದು ದಿನ ಸೊಸೆ ಫೋನ್ ಮಾಡಿ, “ಅತ್ತೆ ಕೋಲು ಹಿಡಿದು ಗೇಟಿನ ತನಕ ಹೋಗಿ ಮೀನಿನವನ ಹತ್ರ ಜಗಳ ಮಾಡಿ ಬಂದ್ರು,” ಎಂದಳು.

ಶನಿವಾರ ನನ್ನ ರಜೆ. ಉಜಿರೆಗೆ ಹೋಗಲು ಡಾಕ್ಟರ್ ಒಪ್ಪಿದರು, ನಾನೂ ಹೋಗಬೇಕೆಂಬ ಷರತ್ತಿನ ಮೇಲೆ. ಮೆಲ್ಕಾರಿನಿಂದ ಬಿ.ಸಿ. ರೋಡಿಗೆ ಆಟೋದಲ್ಲಿ ಹೋದೆವು. ಹತ್ತು ಗಂಟೆಯ ಮಾತ್ರೆ ಬಸ್ ನಿಲ್ದಾಣದ ಬೆಂಚಿನಲ್ಲಿ. ಉಜಿರೆಯ ಮೇಲೆ ಹೋಗುವ ಧರ್ಮಸ್ಥಳದ ಬಸ್ಸಿನಲ್ಲಿ ಕಿಟಕಿಯ ಸೀಟು ಹಿಡಿಯಲು ಮೂವರು ಗೆಳತಿಯರೂ ನುಗ್ಗಿದ ರೀತಿಗೆ ಕಂಡಕ್ಟರ್ ಕೂಡ ದಾರಿ ಬಿಟ್ಟ. ಅಮ್ಮನ ಅಡಿಗೆ ದಿಂಬು, ಬಲಬದಿಗೆ ನಾನು. ಪುಂಜಾಲಕಟ್ಟೆ ದಾಟಿದ ಮೇಲೆ ರಸ್ತೆ ಅಗಲ ಮಾಡುವ ಕೆಲಸ, ಬಸ್ಸು ಏರಿ ಇಳಿದು ಕುಲುಕಿತು. ಅಮ್ಮ ಹಲ್ಲು ಕಚ್ಚಿದರು. ಪೊಟ್ಟಣ ಬಿಚ್ಚಿ ಒಂದು ತೆಗೆದು, ನನ್ನ ಕಣ್ಣಿಗೆ ಕಾಣುವ ಹಾಗೆ ಬಾಯಿಗೆ ಹಾಕಿ, ನೀರು ಕುಡಿದು, ನಾಲಿಗೆ ಎತ್ತಿ ತೋರಿಸಿದರು. ಹಿಂದಿನ ಸೀಟಿನವರು ಕುತೂಹಲದಿಂದ ನೋಡಿದರು. ಗುರುವಾಯನಕೆರೆ ಬರುವಾಗ ಅವರು ಹೊರಗೆ ನೋಡಿಕೊಂಡು ಪ್ರತಿ ಹೊಸ ಕಟ್ಟಡಕ್ಕೂ, “ಇದು ಯಾವಾಗ ಆದದ್ದು?” ಎಂದು ಕೇಳುತ್ತಿದ್ದರು.

ಉಜಿರೆಯಲ್ಲಿ ಮೆಸ್ಸಿನ ಬಾಗಿಲಿನಲ್ಲಿ ಗೆಳತಿ ವಾಕರ್ ಹಿಡಿದು ನಿಂತಿದ್ದರು. ಒಬ್ಬರ ಕೈಯಲ್ಲಿ ಕೋಲು, ಇನ್ನೊಬ್ಬರ ಕೈಯಲ್ಲಿ ವಾಕರ್, ಅಪ್ಪಿಕೊಳ್ಳಲು ಇಬ್ಬರಿಗೂ ಕೈ ಖಾಲಿ ಇಲ್ಲ. ಹಣೆಗೆ ಹಣೆ ತಾಗಿಸಿ ನಿಂತರು.

“ಸೋತೆಯಲ್ಲ. ನೀನೇ ಮೊದಲು ಬಂದೆ,” ಎಂದರು ಗೆಳತಿ.

“ಬಂದೆ ಮಾರಾಯ್ತಿ. ಎಚ್ಚರದಲ್ಲಿ ಬಂದೆ,” ಎಂದರು ಅಮ್ಮ.

ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಗಸಿ, ತೊಂಡೆಕಾಯಿ ಪಲ್ಯ, ಪಾಯಸ. ಅಮ್ಮ ಎರಡು ಸಲ ಬಡಿಸಿಕೊಂಡರು. ಎರಡು ಗಂಟೆಗೆ ಯಾರೂ ಹೇಳದೆಯೇ ತಾವಾಗಿ ಮಾತ್ರೆ ತಿಂದರು. ಹಾಸ್ಟೆಲಿನ ಮಕ್ಕಳು ಊಟ ಮಾಡಿ ಎದ್ದು ಹೋದರೂ ಈ ಐವರ ನಗು ಮುಗಿಯಲಿಲ್ಲ. ನಾನು ನಡುವೆ ಒಮ್ಮೆ ಹೋಗಿ, “ಎಷ್ಟು?” ಎಂದು ಕೇಳಿದೆ.

“ಐದು. ಅದೂ ನೀವು ಬಂದು ಕೇಳಿದ್ದಕ್ಕೆ ನೆನಪಾದದ್ದು.”

ವಾಪಸು ಬರುವ ಬಸ್ಸಿನಲ್ಲಿ ಬೆಳ್ತಂಗಡಿ ದಾಟುವಾಗ ನೋಡುತ್ತೇನೆ, ಅಮ್ಮನ ತಲೆ ಕಿಟಕಿಗೆ ಒರಗಿದೆ, ಬಾಯಿ ಸ್ವಲ್ಪ ತೆರೆದಿದೆ. ಎದೆಯ ಏರಿಳಿತ ನೋಡುತ್ತಾ ಹೆಗಲು ಹಿಡಿದು ಅಲುಗಾಡಿಸಿದೆ. “ಅಮ್ಮ! ಅಮ್ಮ!”

ಅವರು ಒಂದು ಕಣ್ಣು ಮಾತ್ರ ತೆರೆದರು.

“ಇದು ಮದ್ದಿನ ನಿದ್ದೆ ಅಲ್ಲ ಸಿಸ್ಟರ್, ಊಟದ ನಿದ್ದೆ. ಸ್ವಲ್ಪ ಸುಮ್ಮನೆ ಕೂತ್ಕೊಳ್ಳಿ.”

ಬಿ.ಸಿ. ರೋಡ್ ಬರುವ ತನಕ ನಾನು ಅವರನ್ನು ಮತ್ತೆ ಎಬ್ಬಿಸಲಿಲ್ಲ.